ಸಾಸಿವೆ ಸಿಡಿಯುತ್ತಿದ್ದ ಎಡ ಚಾನೆಲ್

ಟೇಪು ಹಾಕದಿದ್ದರೂ ಎಡ ಚಾನೆಲ್ಲಿನಲ್ಲಿ ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ. ರಿಪೇರಿಗೆ ಕೂತದ್ದು 1970ರ ದಶಕದ ಜಪಾನೀ ರೀಲ್ ಡೆಕ್ಕು (ದೊಡ್ಡ ಸುರುಳಿಯ ಟೇಪ್ ರೆಕಾರ್ಡರು), ಟೇಪನ್ನು ಅಳಿಸಲು, ಬರೆಯಲು, ಓದಲು ಒಂದೊಂದರಂತೆ ಮೂರು ಹೆಡ್ಡು, ಟೇಪಿನ ವೇಗ ಸೆಕೆಂಡಿಗೆ 19 ಮತ್ತು 9.5 ಸೆಂಟಿಮೀಟರ್. ಹೆಡ್ಡಿನ ವೈರು ಬಿಚ್ಚಿ, ಹೆಡ್ಡಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ಲೇಬ್ಯಾಕ್ ಬೋರ್ಡಿನ ಇನ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿದರೂ ಸದ್ದು ನಿಲ್ಲಲಿಲ್ಲ. ಅಲ್ಲಿಗೆ ಹೆಡ್ಡಿನ ಮೇಲಿದ್ದ ಅನುಮಾನ ಹೋಯಿತು. ಬೋರ್ಡ್ ಈಚೆ ತೆಗೆದಾಗ ಮೊದಲ ಹಂತದ 2ಎಸ್‌ಸಿ458 ಟ್ರಾನ್ಸಿಸ್ಟರಿನ ಕಾಲುಗಳು ಮಸಿ ಬಳಿದಂತೆ ಕಪ್ಪಾಗಿದ್ದವು. ಬೆಳ್ಳಿ ಲೇಪವಿರುವ ಕಾಲು ಗಾಳಿಯಲ್ಲಿನ ಗಂಧಕಕ್ಕೆ ಹಾಗಾಗುತ್ತದೆ. ಈ ನಂಬರಿನ ಟ್ರಾನ್ಸಿಸ್ಟರು ವಯಸ್ಸಾದಂತೆ ಗಲಾಟೆ ಮಾಡುವುದು ಹಳೇ ಡೆಕ್ಕು ಬಿಚ್ಚುವವರಿಗೆ ಗೊತ್ತಿರುವ ಸಂಗತಿ.

ಇಂಥ ಬೋರ್ಡನ್ನೇ ಕಿತ್ತೆಸೆದು, ಇಡೀ ಆಂಪ್ಲಿಫೈಯರನ್ನೇ ಒಂದು ಚಿಪ್ಪಿನಲ್ಲಿ ತುಂಬಿದ ಆಪ್‌ಆಂಪ್ ಕೂರಿಸುವವರಿದ್ದಾರೆ. ನನಗದು ಸರಿಕಾಣುವುದಿಲ್ಲ. ಮೂಲ ಸರ್ಕ್ಯೂಟಿನಲ್ಲಿ ದೋಷವಿಲ್ಲ, ಕೆಟ್ಟಿರುವುದು ನಾಲ್ಕಾರು ಬಿಡಿಭಾಗ ಮಾತ್ರ.

ಬದಲಿಗೆ ಕೆಎಸ್‌ಸಿ1845, ಎಫ್ ದರ್ಜೆಯದು. ಇದರ ಕಾಲುಗಳ ಕ್ರಮವೂ ಹಳೆಯದರಂತೆ ಎಮಿಟರ್, ಕಲೆಕ್ಟರ್, ಬೇಸ್, ನೇರ ಕೂರುತ್ತದೆ. ಬಿಸಿ550 (BC550) ಟ್ರಾನ್ಸಿಸ್ಟರು ಹಾಕುವುದಾದರೆ ಕ್ರಮ ಬೇರೆ, ಕಾಲು ತಿರುಚಬೇಕು, ಎಡವಟ್ಟಾಗುವುದು ಅಲ್ಲೇ. ಮೊದಲು ಎಡ ಚಾನೆಲ್ ಒಂದನ್ನೇ ಮುಟ್ಟಿದೆ. ಬಲಗಡೆಯದು ಹಾಗೇ ಇದ್ದರೆ ಪ್ರತಿ ಕಲೆಕ್ಟರ್ ವೋಲ್ಟೇಜನ್ನೂ ಹೋಲಿಸಿ ನೋಡಬಹುದು. ಕಂದು ಬಣ್ಣದ ಹಳೇ ಪೇಪರ್ ಬೋರ್ಡು ಶಾಖ ತಾಳುವುದಿಲ್ಲ. ಬೆಸುಗೆಯ ಐರನ್ 320 ಡಿಗ್ರಿಯಲ್ಲಿಟ್ಟು ಒಂದು ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತಾಮ್ರದ ಪಟ್ಟಿ ಎದ್ದು ಬರುತ್ತದೆ.

ಇನ್‌ಪುಟ್ ಕಪ್ಲಿಂಗ್ ಕೆಪಾಸಿಟರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹೆಡ್ಡಿಗೂ ಮೊದಲ ಟ್ರಾನ್ಸಿಸ್ಟರಿಗೂ ನಡುವೆ ಕೂತು, ಸಂಕೇತವನ್ನು ಹಾಯಲು ಬಿಟ್ಟು ಡಿಸಿ ಕರೆಂಟನ್ನು ತಡೆಯುವುದು ಇದರ ಕೆಲಸ. ಹಳೇ ಎಲೆಕ್ಟ್ರೋಲಿಟಿಕ್ ಸೋರಿದರೆ ಆ ಡಿಸಿ ಕರೆಂಟು ಹೆಡ್ಡಿನ ಸುರುಳಿಯಲ್ಲಿ ಹರಿದು ಅದನ್ನು ಕಾಂತವಾಗಿಸುತ್ತದೆ. ಆಮೇಲೆ ಹಿಸ್ಸ್ ಏರುತ್ತದೆ, ಟೇಪಿನಲ್ಲಿರುವ ಏರು ಸ್ವರಗಳೂ ಸವೆಯುತ್ತವೆ. ಡೀಮ್ಯಾಗ್ನೆಟೈಸ್ ಮಾಡಿ ಹೆಡ್ಡಿನ ಕಾಂತತ್ವ ಕಳೆದಷ್ಟೂ ದೋಷ ಮರಳಿ ಬರುತ್ತಿದ್ದರೆ ಇಲ್ಲಿ ನೋಡಬೇಕು. ಸೋರಿಕೆ ಕಡಿಮೆಯಿರುವ 10 ಮೈಕ್ರೋಫ್ಯಾರಡ್ ಹಾಕಿದೆ. ‘ದೊಡ್ಡದಾದರೆ ಒಳ್ಳೆಯದು’ ಎಂದು 47 ಹಾಕಿದರೆ, ಸ್ವಿಚ್ ಒತ್ತಿದಾಗಲೆಲ್ಲ ಚಾರ್ಜಿಂಗ್ ಕರೆಂಟು ಹೆಡ್ಡಿನಲ್ಲೇ ಹಾದು ಅದೇ ಕೆಡುಕು ಮಾಡುತ್ತದೆ. ಈಕ್ವಲೈಸೇಶನ್ನಿನ (ತಗ್ಗು, ಏರು ಸ್ವರಗಳ ಮಟ್ಟ ಸರಿದೂಗಿಸುವ ಭಾಗದ) ಫಿಲ್ಮ್ ಕೆಪಾಸಿಟರುಗಳು ಕೆಡುವುದು ಅಪರೂಪ, ಮುಟ್ಟಲಿಲ್ಲ. ಸ್ಕ್ರೂಡ್ರೈವರಿನಿಂದ ತಿರುಗಿಸಿ ರೋಧ ಹೊಂದಿಸುವ ಇಂಗಾಲದ ಪ್ರಿಸೆಟ್‌ಗಳ ಓಮ್ ಬರೆದಿಟ್ಟುಕೊಂಡು ಸೀಲಾದ ಸರ್ಮೆಟ್ (ಪಿಂಗಾಣಿ-ಲೋಹ ಮಿಶ್ರಣದ) ಪ್ರಿಸೆಟ್ ಹಾಕಿದ್ದಾಯಿತು.

ಶಾರ್ಟಿದ್ದರೆ ಡೆಕ್ಕು ಸುಡದಂತೆ ಕರೆಂಟು ತಡೆಯುವ ಸೀರೀಸ್ ಬಲ್ಬಿನಲ್ಲಿ ಆನ್ ಮಾಡಿದಾಗ ಚಟಪಟ ಇರಲಿಲ್ಲ. ತಗ್ಗು ಸ್ವರ ಹಿಂದಿಗಿಂತ ತುಂಬಿ ಬಂತು. ಎನ್‌ಎಬಿ ಎಂಬ ಮಾನದಂಡದ ಈಕ್ವಲೈಸೇಶನ್ನಿಗೆ ಅತಿ ಹೆಚ್ಚು ಗೇನ್ (ವರ್ಧನೆ) ಬೇಕಿರುವುದು ತಗ್ಗು ಸ್ವರಗಳಲ್ಲೇ. ದಣಿದ ಟ್ರಾನ್ಸಿಸ್ಟರಿಗೆ ಅಲ್ಲಿ ಶಕ್ತಿ ಸಾಲದು. ಮಧ್ಯಾಹ್ನ ಬಲ ಚಾನೆಲ್ಲಿಗೂ ಇದೇ ಉಪಚಾರ.

ತಪ್ಪು ಮಾಡಿದ್ದು ಆಮೇಲೆ. ಹೆಡ್ಡಿನ ಹಳೇ ವೈರು ಅಂದವಾಗಿಲ್ಲವೆಂದು ದಪ್ಪ ಶೀಲ್ಡೆಡ್ ವೈರು ಹಾಕಿದೆ. ಗೊತ್ತಿರುವ ಮಟ್ಟದ ಸ್ವರಗಳಿರುವ ಟೆಸ್ಟ್ ಟೇಪಿನಲ್ಲಿ 10 ಕಿಲೋಹರ್ಟ್ಸ್ ಎದ್ದು ನಿಂತಿತು, ಅದರಾಚೆ ಎಲ್ಲ ಕುಸಿಯಿತು. ಹೆಡ್ಡಿನ ಇಂಡಕ್ಟನ್ಸೂ ಇನ್‌ಪುಟ್ಟಿನ ಕೆಪಾಸಿಟನ್ಸೂ ಸೇರಿ ಅನುರಣಿಸುತ್ತವೆ: 500 ಮಿಲಿಹೆನ್ರಿಗೆ 220 ಪಿಕೋಫ್ಯಾರಡ್ ಇದ್ದರೆ 15 ಕಿಲೋಹರ್ಟ್ಸ್, ವೈರಿನಿಂದ ಇನ್ನೊಂದು 100 ಸೇರಿದರೆ 12.6ಕ್ಕೆ ಇಳಿಯುತ್ತದೆ. ಹಳೇ ವೈರನ್ನೇ ಮತ್ತೆ ಬೆಸೆದು, ಮೊದಲು ಅಜಿಮತ್ (ಹೆಡ್ಡು ಟೇಪಿಗೆ ನೇರವಾಗಿ ನಿಲ್ಲುವ ಕೋನ), ಆಮೇಲೆ ಲೆವೆಲ್ ಹೊಂದಿಸಿದೆ. ಈ ಕ್ರಮ ತಪ್ಪಬಾರದು. 19 ಸೆಂಟಿಮೀಟರ್ ವೇಗದಲ್ಲಿ 10 ಕಿಲೋಹರ್ಟ್ಸಿನ ತರಂಗ ಟೇಪಿನ ಮೇಲೆ ಬರೀ 19 ಮೈಕ್ರಾನ್, ಅಜಿಮತ್ ಸ್ಕ್ರೂ ತಿರುಗಿ ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಮೀಟರಿನ ಮುಳ್ಳು ಬೀಳುತ್ತದೆ.