“ಅಲ್ಲಿ ಪೊಲೀಸರಿಗೆ ಏನು ಕೆಲಸ ಮಾರಾಯ್ರೆ?”

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುವುದು ಇದನ್ನೇ. “ಶಿರಸಿ ಕಡೆ ಹಳ್ಳಿಯಲ್ಲಿ ಕೊಲೆ ಇಲ್ಲ, ದರೋಡೆ ಇಲ್ಲ. ಸುಮ್ನೆ ಕೂತು ಸಂಬಳ ಅಲ್ವಾ?” ಎಎಸ್‌ಐ ಆಗಿ ನಿವೃತ್ತನಾದ ಮೇಲೂ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹಾಗಾಗಿ ಮೊನ್ನೆ ಹಳೆಯ ಕಿಸೆ ಡೈರಿ ತೆಗೆದು ಒಂದು ತಿಂಗಳು ಪೂರ್ತಿ ಓದಿದೆ. 2025ರ ಜನವರಿ.

ನನ್ನ ಬೀಟ್ ದೇವಿಮನೆ ಘಟ್ಟದ ಮೇಲಿನ ಒಂದು ಹಳ್ಳಿ. ಹಳ್ಳಿ ಅಂದರೆ ಮನೆಗಳ ಸಾಲು ಅಂದುಕೊಳ್ಳಬೇಡಿ. ತೋಟಕ್ಕೊಂದು ಮನೆ, ಈ ಮನೆಯಲ್ಲಿ ಕೂಗಿದರೆ ಆ ಮನೆಗೆ ಕೇಳುವುದಿಲ್ಲ. ಕೆಲವು ಮನೆಯವರು 112ಕ್ಕೆ ಫೋನ್ ಮಾಡಬೇಕಾದರೂ ಮೊದಲು ಗುಡ್ಡ ಹತ್ತಬೇಕು.

ಆ ತಿಂಗಳು ನನ್ನ ಬೀಟಿನಲ್ಲಿ ಎಫ್‌ಐಆರ್ ಆದದ್ದು ಒಂದೇ. ಅಡಿಕೆ ಕಳ್ಳತನ. ಚಾಲಿ ಮಾಡುವ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಅಡಿಕೆ ನಲವತ್ತು, ನಲವತ್ತೈದು ದಿನ ಬಿಸಿಲಲ್ಲಿ ಒಣಗಬೇಕು. ಅಷ್ಟೂ ದಿನ ಆ ಮನೆಯ ವರ್ಷದ ದುಡಿಮೆ ಅಂಗಳದಲ್ಲಿ ಬಿದ್ದಿರುತ್ತದೆ. (ನಾನು ಅಂಕೋಲಾದವನು. ನಮ್ಮಲ್ಲಿ ಅಂಗಳದಲ್ಲಿ ಒಣಗುವುದು ಮೀನು, ಕಾಯಬೇಕಾದ್ದು ಕಾಗೆಯಿಂದ.) ಕಳ್ಳ ಜಾಣ. ಒಂದು ಮೂಲೆಯಿಂದ ಎರಡು ಚೀಲದಷ್ಟು ತುಂಬಿ, ಉಳಿದದ್ದನ್ನು ಕೈಯಲ್ಲಿ ಸವರಿ ಸಮ ಮಾಡಿಟ್ಟು ಹೋಗಿದ್ದ. ಆದರೆ ಆ ಮನೆಯಲ್ಲಿ ಅಡಿಕೆ ಮಗುಚುವುದು ಕಾಲಿನಿಂದ, ಉದ್ದಕ್ಕೆ ಸಾಲು ಎಳೆದು. ಬೆಳಿಗ್ಗೆ ಹೆಗಡೇರ ಹೆಂಡತಿ ನೋಡುತ್ತಾರೆ, ಮೂಲೆಯಲ್ಲಿ ಸಾಲೇ ಇಲ್ಲ.

ವಾರದ ನಂತರ ಒಂದು ಚೀಲ ಸಿಕ್ಕಿತು. ಈಗ ಬೇರೆ ತಲೆನೋವು. ಅಡಿಕೆಗೆ ಯಾರೂ ಹೆಸರು ಬರೆದಿರುವುದಿಲ್ಲ. “ಇದು ನಿಮ್ಮದೇ ಅಂತ ಹೇಗೆ ಹೇಳ್ತೀರಿ ಅಮ್ಮಾ?” ಅಂದೆ. ಅವರು ಅಡಿಕೆ ಮುಟ್ಟಲೇ ಇಲ್ಲ. ಚೀಲ ತಿರುಗಿಸಿ ತಳ ತೋರಿಸಿದರು. ಇಲಿ ಕಡಿದ ತೂತಿಗೆ ಹಳೇ ಸೀರೆಯ ಅಂಚಿನ ತೇಪೆ. “ಜಗಲಿ ಮೇಲಿದ್ದ ನಮ್ಮ ಚೀಲವನ್ನೇ ತಗಂಡು ಹೋಗಿದಾನೆ ಸಾಯ್ಬ್ರೆ. ಆ ಸೀರೆ ಒಳಗಿದೆ, ತರ್ಲಾ?” ಪಂಚನಾಮೆಯಲ್ಲಿ ಸೀರೆಯನ್ನೂ ಬರೆದೆವು.

ಇಷ್ಟಕ್ಕೇ ಕೆಲಸ ಮುಗಿದಿದ್ದರೆ ನೀವು ಹೇಳುವುದು ಸರಿ. 14ನೇ ತಾರೀಕು ಒಬ್ಬ ಕೊನೆಗೌಡ ಮರದಿಂದ ಬಿದ್ದ. ಅಡಿಕೆ ಕೊನೆ ಕೊಯ್ಯುವವರು ಒಂದು ಮರದ ತುದಿಯಿಂದಲೇ ಮುಂದಿನ ಮರವನ್ನು ಎಳೆದುಕೊಂಡು ದಾಟುತ್ತಾರೆ. ಹಾಗೆ ದಾಟುವಾಗ ಬಿದ್ದದ್ದು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಜೀವ ಇರಲಿಲ್ಲ. “ಬಿದ್ದು ಸತ್ತದ್ದಕ್ಕೆ ಪೊಲೀಸ್ ಯಾಕೆ?” ಅಂತ ಮನೆಯವರೇ ಕೇಳಿದರು. ಅಸಹಜ ಸಾವು ಅಂದ ಮೇಲೆ ಬರೆಯಲೇಬೇಕು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 174, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಕಲಂ 194. ನನ್ನ ಬಾಯಿಗೆ ಇವತ್ತಿಗೂ 174 ಅಂತಲೇ ಬರುತ್ತದೆ. ಯುಡಿಆರ್ (ಅಸಹಜ ಸಾವಿನ ವರದಿ) ಆಗದೆ, ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ, ಮುಂದೆ ಸತ್ತವನ ಹೆಂಡತಿ ವಿಮೆಗೋ ಪರಿಹಾರಕ್ಕೋ ಅಲೆದರೆ ಕಾಗದ ಮುಂದೆ ಹೋಗುವುದಿಲ್ಲ. ಅದನ್ನು ಹೆಣದ ಮುಂದೆ ನಿಂತು ಹೇಳುವುದು ಹೇಗೆ? ಮಗನನ್ನು ತೋಟದಂಚಿಗೆ ಕರೆದು ಹೇಳಿದೆ. ಅವನು ತಲೆಯಾಡಿಸಿ, ಕಾಲಿಗೆ ಹಾಕುವ ಹಗ್ಗದ ಬಳೆ ಕಡೆ ಕೈ ತೋರಿಸಿ, “ಅದು ನಂದು. ಅಪ್ಪಂದು ಸವೆದಿತ್ತು, ಬೆಳಿಗ್ಗೆ ನಂದೇ ಹಾಕ್ಕೊಂಡು ಹೋದ” ಅಂದ. ಆ ರಾತ್ರಿ ತಾಲೂಕು ಆಸ್ಪತ್ರೆಯ ಶವಾಗಾರದ ಹೊರಗೆ ಅವನೂ ನಾನೂ ಕೂತಿದ್ದೆವು.

ಉಳಿದ ಪುಟಗಳಲ್ಲಿ ಸಮನ್ಸ್, ಪಾಸ್‌ಪೋರ್ಟ್ ವಿಚಾರಣೆ, ಯಾಣಕ್ಕೆ ಹೊರಟು ರಸ್ತೆ ತಪ್ಪಿದ ಕಾರು, ಬೆಳತನಕ ಯಕ್ಷಗಾನದ ಬಂದೋಬಸ್ತ್. (ನಿದ್ದೆ ಬರಲಿಲ್ಲ, ಭಾಗವತರು ಚೆನ್ನಾಗಿದ್ದರು.) ಚುನಾವಣೆ ತಿಂಗಳಾದರೆ ಇದರ ಮೇಲೆ ಮನೆಮನೆಯ ಕೋವಿ ಠಾಣೆಗೆ ತರಿಸುವ ಕೆಲಸ. “ಕೋವಿ ನಿಮ್ಮಲ್ಲಿದೆ ಅಂತ ಮಂಗಕ್ಕೆ ನೀವೇ ಹೇಳಿ” ಅಂತ ಒಬ್ಬ ಭಟ್ಟರು ರಸೀದಿ ತೆಗೆದುಕೊಂಡು ಹೋಗಿದ್ದರು.

ಮತ್ತೆ ಬೆಟ್ಟ. ಡೈರಿಯಲ್ಲಿ ಅತಿ ಹೆಚ್ಚು ಸಲ ಬಂದಿರುವ ಪದ ಇದೇ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟಿದ್ದಾರೆ. ನೆಲ ಸರ್ಕಾರದ್ದು, ಗೊಬ್ಬರಕ್ಕೆ ಬೇಕಾದ ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು ತೋಟದವರದ್ದು. ದಾಯಾದಿಗಳು ತೋಟ ಪಾಲು ಮಾಡಿಕೊಳ್ಳುತ್ತಾರೆ, ಬೆಟ್ಟದ ಗಡಿ ಮಾತ್ರ ಅಜ್ಜನ ಬಾಯಿಮಾತಿನಲ್ಲೇ ಉಳಿದಿರುತ್ತದೆ. ಆ ತಿಂಗಳು ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಒಂದು ಮತ್ತಿಮರದ ಸೊಪ್ಪಿಗೆ ಕತ್ತಿ ಎತ್ತಿದ್ದರು. ಗಡಿ ಹೇಳುವುದು ಪೊಲೀಸರ ಕೆಲಸ ಅಲ್ಲ. ಕಾನೂನು ಪ್ರಕಾರ ‘ಇದು ನಮ್ಮ ವ್ಯಾಪ್ತಿಯದ್ದಲ್ಲ’ ಅಂತ ಹಿಂಬರಹ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕತ್ತಿ ಬೀಸಿದ ಮೇಲೆ ಅದು ಗ್ಯಾರಂಟಿ ನಮ್ಮ ಕೆಲಸ ಅಲ್ವಾ? ಹಾಗಾಗಿ ಹೋದೆ. ಇಬ್ಬರ ಮನೆಯಲ್ಲೂ “ಆಸ್ರಿಗೆ?” ಅಂತ, ಅಂದರೆ ಕುಡಿಯಲು ಏನು ಬೇಕು ಅಂತ ಕೇಳಿದರು. ಒಬ್ಬರಲ್ಲಿ ಮಾತ್ರ ಕುಡಿದರೆ ಇನ್ನೊಬ್ಬರಿಗೆ ಅನುಮಾನ. ಎರಡೂ ಕಡೆ ಕಷಾಯ ಕುಡಿದೆ.

ಆ ದಿನದ ಬರಹ ಇಷ್ಟೇ: “ಬೆಟ್ಟ. ಮಾತಾಡಿ ಬಂದೆ.” ಫೆಬ್ರುವರಿ ಪುಟಗಳಲ್ಲಿ ಇದೇ ಸಾಲು ಮೂರು ಸಲ ಇದೆ. ಮತ್ತಿಮರ ಇನ್ನೂ ಅಲ್ಲೇ ಇದೆಯಂತೆ.