ಬಾಯ್ಲರ್ ಹಳೆಯದೇ, ಮೂಗುದಾರ ಹೊಸದು

ನಮ್ಮ ಮನೆಯ ಬಾಯ್ಲರ್‌ಗೆ ಏನೂ ಆಗಿರಲಿಲ್ಲ. ಕಂಡೆನ್ಸಿಂಗ್ ಬಾಯ್ಲರ್, ಅಂದರೆ ಹೊಗೆಯ ಜೊತೆ ಹೋಗುವ ಶಾಖವನ್ನೂ ಹಿಡಿದುಕೊಳ್ಳುವಂಥದ್ದು, ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ಅದನ್ನು ಆಳುವುದಕ್ಕೆ ಇದ್ದದ್ದು ಒಂದು ಹಳೇ ಟೈಮರ್ ಅಷ್ಟೇ. ಅದು ಆನ್ ಆದರೆ ಕೋಣೆ ಬೆಚ್ಚಗಿಡುವ ರೇಡಿಯೇಟರೂ ಕಾಯಬೇಕು, ಬಳಕೆಯ ಬಿಸಿನೀರು ತುಂಬಿಡುವ ಸಿಲಿಂಡರಿನ ನೀರೂ ಕಾಯಬೇಕು. ಮನೆ ಬೆಚ್ಚಗಾಗಿ, ನೀರು ಕಾದ ಮೇಲೂ ಬಾಯ್ಲರ್ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಯಾರಿಗೂ ಬೇಡದ ಬಿಸಿಗೆ ಸುಮ್ನೆ ಗ್ಯಾಸ್ ದಂಡ.

ಕಂಟ್ರೋಲ್ ಬದಲಾಯಿಸೋಣ ಅಂದಾಗ ಎಲ್ಲರ ಕಣ್ಣು ಹೋಗಿದ್ದು ಫೋನಿನಿಂದ ನಡೆಸುವ ಸ್ಮಾರ್ಟ್ ಥರ್ಮೋಸ್ಟ್ಯಾಟ್ (ಕೋಣೆಯ ಬಿಸಿ ನೋಡಿಕೊಂಡು ಬಾಯ್ಲರ್ ನಡೆಸುವ ಸಾಧನ) ಮೇಲೆ. ನಾನು ಕೇಳಿದ್ದು ಒಂದೇ: ಇದು ಬಾಯ್ಲರ್‌ಗೆ ಏನು ಹೇಳುತ್ತದೆ? ಸಾದಾ ಥರ್ಮೋಸ್ಟ್ಯಾಟ್‌ಗೆ ಬರುವುದು ಎರಡೇ ಮಾತು. “ಉರಿ”, “ಆರಿಹೋಗು”. ಓಪನ್‌ಥರ್ಮ್‌ನಂಥ ಸಂಪರ್ಕ, ಅಂದರೆ ಥರ್ಮೋಸ್ಟ್ಯಾಟೂ ಬಾಯ್ಲರೂ ಮಾತಾಡಿಕೊಳ್ಳುವ ಒಂದು ಭಾಷೆ, ಇದ್ದರೆ ಈಗ 48 ಡಿಗ್ರಿ ನೀರು ಸಾಕು ಅಂತ ಹೇಳಬಹುದು. ಬಾಯ್ಲರ್ ಉರಿ ತಗ್ಗಿಸಿಕೊಂಡು ನಿಧಾನಕ್ಕೆ ನಡೆಯುತ್ತದೆ.

ಅಷ್ಟು ಕಡಿಮೆ ಬಿಸಿ ಯಾಕೆ ಬೇಕು? ಗ್ಯಾಸ್ ಉರಿದಾಗ ಹೊಗೆಯಲ್ಲಿ ನೀರಾವಿ ಇರುತ್ತದೆ. ರೇಡಿಯೇಟರ್‌ಗಳನ್ನು ಸುತ್ತಿ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಆ ಆವಿ ನೀರಾಗಿ ತನ್ನ ಶಾಖ ಬಿಟ್ಟುಕೊಡುತ್ತದೆ. ಇಲ್ಲದಿದ್ದರೆ ಅದು ಚಿಮಣಿ ಪಾಲು. ನಮ್ಮಲ್ಲಿ ಬಾಯ್ಲರ್ 80 ಡಿಗ್ರಿಗೆ ಸೆಟ್ ಆಗಿತ್ತು. ಕಂಡೆನ್ಸಿಂಗ್ ಅನ್ನೋದು ಹೆಸರಿಗೆ ಮಾತ್ರ. ಈಗ ಬಾಯ್ಲರ್ ನಡೆಯುವಾಗ ಅದರ ಡ್ರೈನ್ ಪೈಪಿನಲ್ಲಿ ನೀರು ತೊಟ್ಟಿಕ್ಕುವುದು ಕೇಳುತ್ತದೆ. ನನಗಂತೂ ಅದನ್ನು ಕೇಳೋದೇ ಖುಷಿ.

ಸಿಲಿಂಡರಿನ ಕತೆ ಬೇರೆ. ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಾರದು ಅಂದರೆ ಅಲ್ಲಿನ ನೀರು 60 ಡಿಗ್ರಿಯಾದರೂ ಕಾಯಬೇಕು. ಹಾಗಾಗಿ ರೇಡಿಯೇಟರ್‌ಗಳಿಗೂ ಸಿಲಿಂಡರಿಗೂ ನೀರಿನ ದಾರಿ ತೆರೆದು ಮುಚ್ಚುವ ಬೇರೆ ಬೇರೆ ಮೋಟಾರ್ ವಾಲ್ವ್ ಹಾಕಿಸಿ, ಸಿಲಿಂಡರಿಗೂ ಒಂದು ಥರ್ಮೋಸ್ಟ್ಯಾಟ್ ಕಟ್ಟಿಸಿದೆವು. ಅದು ಕೇಳಿದಾಗ ಮಾತ್ರ ಬಾಯ್ಲರ್ ಜೋರಾಗುತ್ತದೆ. ನೀರು ಕಾದ ಕೂಡಲೇ ಮತ್ತೆ ತಣ್ಣಗೆ ತನ್ನ ಪಾಡಿಗೆ. ಎರಡೂ ಸಾಕು ಅಂದರೆ ಬಾಯ್ಲರ್ ಪೂರ್ತಿ ಆರುತ್ತದೆ. ನನ್ನ ಕೇಳಿದರೆ ಮೊದಲು ಮಾಡಿಸಬೇಕಾದ್ದು ಇದೇ. ಆ್ಯಪ್ ಆಮೇಲೆ ನೋಡಿಕೊಳ್ಳಬಹುದು.

ರೇಡಿಯೇಟರ್‌ಗಳಿಗೆ, ಕೋಣೆ ಬೆಚ್ಚಗಾದರೆ ತಾನೇ ಮುಚ್ಚಿಕೊಳ್ಳುವ ಥರ್ಮೋಸ್ಟ್ಯಾಟ್ ವಾಲ್ವ್ ಹಾಕಿಸಿದ್ದೂ ಆಯಿತು. ಗೋಡೆಯ ಥರ್ಮೋಸ್ಟ್ಯಾಟ್ ಇರುವ ಹಾಲ್‌ನಲ್ಲಿ ಮಾತ್ರ ಬೇಡ ಅಂದೆ. ಅಲ್ಲಿ ವಾಲ್ವ್ ಮೊದಲೇ ಮುಚ್ಚಿಕೊಂಡರೆ ಗೋಡೆಯದಕ್ಕೆ ಸಾಕಷ್ಟು ಬಿಸಿ ಸಿಗುವುದೇ ಇಲ್ಲ, ಬಾಯ್ಲರ್ ನಿಲ್ಲುವುದೂ ಇಲ್ಲ.

ನಮ್ಮ ಅತ್ತೆಗೆ ಮಾತ್ರ ಸಮಾಧಾನವಿಲ್ಲ. “ಮೂವತ್ತಕ್ಕೆ ಇಟ್ರೆ ಬೇಗ ಬಿಸಿಯಾಗಲ್ವೇನಪ್ಪಾ?” ಅಂತಾರೆ. ಬರೀ ಆನ್-ಆಫ್ ಮಾಡುವ ಸಾದಾ ಥರ್ಮೋಸ್ಟ್ಯಾಟ್ ಆಗಿದ್ದರೆ ಅದರಿಂದ ಏನೂ ಬೇಗ ಆಗುತ್ತಿರಲಿಲ್ಲ, ಅಷ್ಟೇ. ಈ ಹೊಸದು ಹಾಗಲ್ಲ. ಅವರ ಮಾತು ಕೇಳಿಕೊಂಡು ನೀರಿನ ಬಿಸಿಯನ್ನೇ ಏರಿಸಿಬಿಡುತ್ತದೆ, ಉಳಿತಾಯ ಅಲ್ಲಿಗೇ ಹೋಯಿತು! ಅದಕ್ಕೇ ಗರಿಷ್ಠ 21ಕ್ಕೆ ಲಾಕ್ ಮಾಡಿಟ್ಟಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ.

ಇನ್ನು ಬಾಕಿ ಇರುವುದು ಹೊರಗಿನ ಸೆನ್ಸರ್. ಬಿಸಿಲು ಬೀಳದ ಗೋಡೆಗೆ, ಕಿಟಕಿಯಿಂದ ದೂರ ಹಾಕಿಸಬೇಕು. ಹೊರಗೆ ಚಳಿ ಜಾಸ್ತಿಯಾದಷ್ಟೂ ಬಾಯ್ಲರ್ ನೀರಿನ ಬಿಸಿ ಏರಿಸಿಕೊಳ್ಳುತ್ತದೆ. ಎಷ್ಟಕ್ಕೆ ಎಷ್ಟು ಅನ್ನೋದನ್ನು ಮನೆ ನೋಡಿಕೊಂಡು ಒಂದೊಂದೇ ಹೆಜ್ಜೆ ಸರಿಪಡಿಸಬೇಕು, ಪ್ರತಿ ಸಲವೂ ಎರಡು ದಿನ ಕಾಯಬೇಕು.