ಯು ಥಾಂಟ್ ಬರೆದ ಎರಡು ಪತ್ರಗಳು

ಸೋವಿಯತ್ ಒಕ್ಕೂಟವು ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನಿರಿಸಿದ್ದರಿಂದ ಹುಟ್ಟಿದ 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಮಾತು ಬಂದಾಗಲೆಲ್ಲ ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಹೆಸರುಗಳಷ್ಟೇ ಕೇಳಿಬರುತ್ತವೆ; ಬರ್ಮಾದ ಪಾಂಟನಾ ಎಂಬ ಸಣ್ಣ ಊರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಮುಂದೆ ವಿಶ್ವಸಂಸ್ಥೆಯ ಹಂಗಾಮಿ ಮಹಾಕಾರ್ಯದರ್ಶಿಯಾದ ಯು ಥಾಂಟ್ ಅವರನ್ನು ನೆನೆಯುವವರು ಕಡಿಮೆ.

ಅಕ್ಟೋಬರ್ 24ರಂದು ಅವರು ಇಬ್ಬರೂ ನಾಯಕರಿಗೆ ಒಂದೇ ಒಕ್ಕಣೆಯ ಪತ್ರ ಕಳುಹಿಸಿ, ಎರಡು ಮೂರು ವಾರಗಳ ಮಟ್ಟಿಗೆ ಸೋವಿಯತ್ ಒಕ್ಕೂಟವು ಕ್ಯೂಬಾಕ್ಕೆ ಶಸ್ತ್ರಾಸ್ತ್ರ ಸಾಗಿಸುವುದನ್ನೂ ಅಮೆರಿಕವು ಕ್ಯೂಬಾಕ್ಕೆ ಹೋಗುವ ಹಡಗುಗಳನ್ನು ಸಮುದ್ರದಲ್ಲಿ ತಡೆಯುವುದನ್ನೂ ಸ್ವಇಚ್ಛೆಯಿಂದ ನಿಲ್ಲಿಸಬೇಕೆಂದು ಕೋರಿದರು. ಕ್ರುಶ್ಚೇವ್ ಒಪ್ಪಿದರು, ಆದರೆ ಕ್ಷಿಪಣಿಗಳ ಪ್ರಸ್ತಾಪವೇ ಇಲ್ಲದ ಈ ಸೂಚನೆ ಅಮೆರಿಕಕ್ಕೆ ಹಿಡಿಸಲಿಲ್ಲ. ಮರುದಿನ ಯು ಥಾಂಟ್ ಎರಡನೆಯ ಪತ್ರದಲ್ಲಿ ಬೇಡಿಕೆಯನ್ನು ತೀರಾ ಕಿರಿದುಗೊಳಿಸಿದರು: ಸೋವಿಯತ್ ಹಡಗುಗಳು ಸದ್ಯಕ್ಕೆ ತಡೆವಲಯದಿಂದ ದೂರವಿರಲಿ, ಅಮೆರಿಕದ ನೌಕೆಗಳು ನೇರ ಮುಖಾಮುಖಿಯನ್ನು ತಪ್ಪಿಸಲಿ. ಇದಕ್ಕೆ ಇಬ್ಬರೂ ಒಪ್ಪಿದರು. (ಈ ಎರಡನೆಯ ಪತ್ರದ ಹಿಂದೆ ಕೆನಡಿಯವರ ಕಡೆಯಿಂದಲೇ ಬಂದ ಸೂಚನೆಯಿತ್ತೆಂಬುದೂ ನಿಜ, ಆದರೆ ಅದರಿಂದ ಯು ಥಾಂಟ್ ಅವರ ಹಿರಿಮೆ ಕುಗ್ಗುತ್ತದೆಂದು ನನಗನ್ನಿಸುವುದಿಲ್ಲ.) ಎದುರಾಳಿಯ ಮಾತಿಗೆ ಮಣಿದರೆ ಮುಖಭಂಗವೆಂದು ಹಟ ಹಿಡಿದ ಇಬ್ಬರಿಗೂ, ಮೂರನೆಯವರ ವಿನಂತಿಗೆ ಓಗೊಟ್ಟೆವೆಂದು ಹೇಳಿಕೊಳ್ಳಲು ಅಲ್ಲೊಂದು ಗೌರವದ ದಾರಿ ದೊರೆಯಿತು.

ಕ್ಷಿಪಣಿಗಳನ್ನು ಹಿಂತೆಗೆದುಕೊಳ್ಳುವುದಾಗಿ ಕ್ರುಶ್ಚೇವ್ 28ರಂದು ಪ್ರಕಟಿಸಿದ ಮೇಲೆ, ತಮ್ಮೊಂದಿಗೆ ಸಮಾಲೋಚಿಸದೆ ನಡೆದ ಈ ಒಪ್ಪಂದದಿಂದ ಕೆರಳಿದ್ದ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಅವರನ್ನು ಕಾಣಲು ಯು ಥಾಂಟ್ 30ರಂದು ಹವಾನಾಕ್ಕೆ ಹೋದರು. ತಮ್ಮ ನೆಲದಲ್ಲಿ ವಿದೇಶಿ ತಪಾಸಣೆಗೆ ಕ್ಯಾಸ್ಟ್ರೊ ಕೊನೆಯವರೆಗೂ ಒಪ್ಪಲಿಲ್ಲ. ಹಾಗಾಗಿ ಮರಳುತ್ತಿದ್ದ ಸೋವಿಯತ್ ಹಡಗುಗಳನ್ನು ಅಮೆರಿಕದವರು ಸಮುದ್ರದ ಮೇಲೆಯೇ ಪರಿಶೀಲಿಸಬೇಕಾಯಿತು.